ಬೆಟ್ಟ ಸಿಡಿಯೋದು ನಾಳೆ: ಚರಿತ್ರೆಯೊಳಗೆ ಇಳಿಯುವ ವಿಜ್ಞಾನ ನಾಟಕವನ್ನು ಕಿವಿಯಲ್ಲಿ ಕೇಳುವುದು

ಪೊಂಪೈ ಅನ್ನೋದು ಇಟಲಿಯಲ್ಲಿ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಹಳೇ ರೋಮನ್ ಊರು. ಅದನ್ನು ಅಗೆಯುವಾಗ ಒಂದು ಬೇಕರಿಯ ಒಲೆಯೊಳಗೆ 81 ರೊಟ್ಟಿ ಸಿಕ್ಕಿದವು. ಇದ್ದಿಲಿನ ಹಾಗೆ ಕರ್ರಗಾಗಿದ್ದವು. ಆದರೆ ದುಂಡಗಿನ ಆಕಾರ, ಮುರಿಯೋಕೆ ಅನುಕೂಲ ಆಗಲಿ ಅಂತ ಮೇಲೆ ಕೊಯ್ದ ಗೆರೆ, ಎಲ್ಲ ಹಾಗೇ ಇತ್ತು. ಒಲೆಗೆ ಹಾಕಿದವನು ಇನ್ನು ಸ್ವಲ್ಪ ಹೊತ್ತಿಗೆ ತೆಗೆಯೋಣ ಅಂದುಕೊಂಡೇ ಹಾಕಿದ್ದ. ತೆಗೆದವರು ಬೇರೆ ಯಾರೋ, ಅದೂ ಸುಮಾರು 1,800 ವರ್ಷ ಕಳೆದ ಮೇಲೆ.

ಈಗ ಹೀಗೆ ಅಂದುಕೊಳ್ಳಿ. ಆ ಜ್ವಾಲಾಮುಖಿ, ವೆಸುವಿಯಸ್ ಬೆಟ್ಟ, ಸಿಡಿಯುವ ಹಿಂದಿನ ದಿನ, ಆ ಬೇಕರಿಯ ಮುಂದೆ ಒಬ್ಬ ಮನುಷ್ಯ ಬಂದು ನಿಂತಿದ್ದಾನೆ. ಮುಂದೆ ಏನಾಗುತ್ತದೆ ಅಂತ ಅವನಿಗೆ ಪೂರ್ತಿ ಗೊತ್ತು. ರೊಟ್ಟಿ ಕೊಳ್ಳುತ್ತಾನೆ. ಚಿಲ್ಲರೆ ಎಣಿಸುತ್ತಾನೆ. ಅಂಗಡಿಯವನ ಮಗು ಅವನ ಮುಖ ನೋಡಿ ನಗುತ್ತದೆ. ಹೇಳಬೇಕಾ, ಬೇಡವಾ?

ಚರಿತ್ರೆಯ ಒಂದು ಕಾಲದಲ್ಲಿ ನಡೆಯುವ ವಿಜ್ಞಾನ ನಾಟಕದ ತಿರುಳು ಹೆಚ್ಚುಕಡಿಮೆ ಇಷ್ಟೇ. ಆದರೆ ಇದು ಹೇಗೆ ಕೆಲಸ ಮಾಡುತ್ತದೆ, ಅದರಲ್ಲೂ ಕಣ್ಣಿಗೆ ಏನೂ ಕಾಣದ ಆಡಿಯೋದಲ್ಲಿ ಯಾಕೆ ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದು ಸ್ವಲ್ಪ ಬಿಡಿಸಿ ಹೇಳಬೇಕಾದ ವಿಷಯ. ಒಂದೇ ಒಂದು ನಾಟಕವನ್ನು ಇಟ್ಟುಕೊಂಡು ಹೇಳುತ್ತೇನೆ.

ನಾಟಕದ ಹೆಸರು ‘ದಿ ಫೈರ್ಸ್ ಆಫ್ ವಲ್ಕನ್’. ಬ್ರಿಟನ್ನಿನ ಬಿಗ್ ಫಿನಿಶ್ ಕಂಪನಿ 2000ದ ಸೆಪ್ಟೆಂಬರ್‌ನಲ್ಲಿ ಸಿಡಿಯಾಗಿ ಹೊರತಂದದ್ದು. ಬರೆದವರು ಸ್ಟೀವ್ ಲಯನ್ಸ್. ನಾಲ್ಕು ಭಾಗದ ನಾಟಕ, ‘ಡಾಕ್ಟರ್ ಹೂ’ ಸರಣಿಗೆ ಸೇರಿದ್ದು.

ಡಾಕ್ಟರ್ ಹೂ ಪರಿಚಯ ಇಲ್ಲದವರಿಗೆ ಎರಡು ಮಾತು. ಡಾಕ್ಟರ್ ಬೇರೆ ಗ್ರಹದವನು. ಹಳೇ ಕಾಲದ ನೀಲಿ ಪೊಲೀಸ್ ಬೂತ್ ಥರ ಕಾಣುವ ಒಂದು ಪೆಟ್ಟಿಗೆಯಲ್ಲಿ ಕಾಲದ ಉದ್ದಗಲಕ್ಕೂ ಓಡಾಡುತ್ತಾನೆ. ಪೆಟ್ಟಿಗೆಯ ಹೆಸರು ಟಾರ್ಡಿಸ್. ಹೊರಗಿಂದ ಬೀರುವಿನಷ್ಟು, ಒಳಗೆ ಅರಮನೆಯಷ್ಟು. ಸಾಯುವ ಹೊತ್ತು ಬಂದಾಗ ಮುಖ, ಮೈ ಎಲ್ಲ ಬದಲಾಯಿಸಿಕೊಂಡು ಹೊಸಬನಾಗುತ್ತಾನೆ. ಹಾಗಾಗಿ ನಟರು ಬದಲಾದರೂ ಪಾತ್ರ ಮಾತ್ರ 1963ರಿಂದ ಸಾಯದೆ ನಡೆದುಕೊಂಡು ಬಂದಿದೆ. ಈ ನಾಟಕದಲ್ಲಿರುವವನು ಏಳನೆಯ ಡಾಕ್ಟರ್. ದನಿ ಸಿಲ್ವೆಸ್ಟರ್ ಮೆಕಾಯ್ ಅವರದು. ಜೊತೆಯಲ್ಲಿ ಮೆಲ್ ಅನ್ನುವ ಚುರುಕು ಹುಡುಗಿ, ದನಿ ಬಾನಿ ಲ್ಯಾಂಗ್‌ಫರ್ಡ್.

ಕಥೆ ಹೀಗೆ ಶುರುವಾಗುತ್ತದೆ. 1980ರಲ್ಲಿ ಪೊಂಪೈ ಅಗೆಯುವವರಿಗೆ ಬೂದಿಯ ಪದರದೊಳಗೆ ಒಂದು ನೀಲಿ ಪೆಟ್ಟಿಗೆ ಸಿಗುತ್ತದೆ. ಎರಡು ಸಾವಿರ ವರ್ಷದ ಬೂದಿಯೊಳಗೆ ಇಪ್ಪತ್ತನೇ ಶತಮಾನದ ಪೊಲೀಸ್ ಬೂತ್! ಈ ಸುದ್ದಿ ಡಾಕ್ಟರ್ ಕಿವಿಗೂ ಬಿದ್ದಿದೆ. ಹೀಗಿರುವಾಗ ಒಂದು ದಿನ ಮೆಲ್ ಜೊತೆ ಎಲ್ಲೋ ಇಳಿದು ನೋಡಿದರೆ, ಅದು ಪೊಂಪೈ. ಕ್ರಿ.ಶ. 79, ಆಗಸ್ಟ್ 23. ಬೆಟ್ಟ ಸಿಡಿಯೋದು ನಾಳೆ. ಅಷ್ಟರಲ್ಲಿ ಪೆಟ್ಟಿಗೆ ಅವರ ಕೈತಪ್ಪಿ ಹೋಗುತ್ತದೆ. ಡಾಕ್ಟರ್‌ಗೆ ಅರ್ಥವಾಗುತ್ತದೆ: ತನ್ನ ಪೆಟ್ಟಿಗೆ ಈ ಬೂದಿಯಲ್ಲಿ ಹೂತುಹೋಗುವುದು ಮೊದಲೇ ಬರೆದಿಟ್ಟದ್ದು. ಹಾಗಾದರೆ ತಾನೂ ಇಲ್ಲೇ ಮುಗಿದೆನಾ?

ನಾನು ಇದನ್ನು ಮೊದಲ ಸಲ ಕೇಳಿದ್ದು ರಾತ್ರಿ ಬಸ್ಸಿನಲ್ಲಿ, ಇಯರ್‌ಫೋನ್ ಹಾಕಿಕೊಂಡು. ಕಿಟಕಿಯ ಗಾಜು ಗಡಗಡ ಅಲುಗಿದಾಗಲೆಲ್ಲ ಭೂಕಂಪ ನಾಟಕದ್ದೋ ಬಸ್ಸಿನದ್ದೋ ಗೊತ್ತಾಗದೆ ಎರಡು ಸಲ ಇಯರ್‌ಫೋನ್ ತೆಗೆದು ನೋಡಿದ್ದೆ.

ಇದರಲ್ಲಿ ವಿಜ್ಞಾನ ಎಲ್ಲಿದೆ?

ವಿಚಿತ್ರ ಏನಂದರೆ, ಈ ನಾಟಕದಲ್ಲಿ ರಾಕ್ಷಸ ಇಲ್ಲ, ರೋಬೋಟ್ ಇಲ್ಲ, ಬೆಟ್ಟದೊಳಗೆ ಅಡಗಿ ಕೂತ ಬೇರೆ ಗ್ರಹದ ಜೀವಿ ಇಲ್ಲ. ಬೆಟ್ಟ ತನ್ನ ಪಾಡಿಗೆ ತಾನೇ ಸಿಡಿಯುತ್ತದೆ. ವಿಜ್ಞಾನ ಕಥೆಯ ಸರಕು ಅಂತ ಇರೋದು ಆ ಪೆಟ್ಟಿಗೆ ಮತ್ತು ಅದರಲ್ಲಿ ಬಂದ ಇಬ್ಬರು, ಅಷ್ಟೇ. ಇಂಥ ಕಥೆಗಳಿಗೆ ಅಭಿಮಾನಿಗಳು ‘ಶುದ್ಧ ಚಾರಿತ್ರಿಕ’ ಅನ್ನುತ್ತಾರೆ. ಹಳೇ ಕಾಲದಲ್ಲಿ ನಡೆದರೂ ನಡುವೆ ಅನ್ಯಗ್ರಹದವರು ನುಗ್ಗಿದರೆ ಅದು ಬೇರೆ ಜಾತಿ.

ಈ ಶುದ್ಧ ಚಾರಿತ್ರಿಕಕ್ಕೆ ಒಂದು ಹಿನ್ನೆಲೆ ಇದೆ. ಡಾಕ್ಟರ್ ಹೂ ಬಿಬಿಸಿ ಟಿವಿಯಲ್ಲಿ ಶುರುವಾದದ್ದು 1963ರ ನವೆಂಬರ್ 23ಕ್ಕೆ. ಮಕ್ಕಳಿಗೆ ಕಥೆಯ ಜೊತೆ ಒಂದಿಷ್ಟು ಪಾಠವೂ ಸಿಗಲಿ ಅನ್ನೋ ಉದ್ದೇಶ ಆಗ ಇತ್ತು. ಅದಕ್ಕೇ ಡಾಕ್ಟರ್ ಜೊತೆ ಮೊದಲು ಹೊರಟವರಲ್ಲಿ ಇಬ್ಬರು ಮೇಷ್ಟ್ರುಗಳು. ಇಯಾನ್ ವಿಜ್ಞಾನದ ಮೇಷ್ಟ್ರು, ಬಾರ್ಬರಾ ಚರಿತ್ರೆಯ ಟೀಚರ್. 1964ರಲ್ಲಿ ಅವರು ಮಾರ್ಕೊ ಪೋಲೊ ಜೊತೆ ಕುಬ್ಲಾಯ್ ಖಾನನ ಆಸ್ಥಾನದವರೆಗೆ ಹೋದರು. ಅದೇ ವರ್ಷ ಆಜ್ಟೆಕ್ ಜನರ ನಡುವೆ ಸಿಕ್ಕಿಕೊಂಡ ಬಾರ್ಬರಾ ಅಲ್ಲಿನ ನರಬಲಿ ನಿಲ್ಲಿಸೋಕೆ ಹೊರಟು ಸೋತಳು. ಆದರೆ ಮಕ್ಕಳಿಗೆ ಇಷ್ಟವಾದದ್ದು ಡಾಲೆಕ್ ಅನ್ನುವ ಲೋಹದ ರಾಕ್ಷಸರು. 1966ರ ಕೊನೆಯಲ್ಲಿ ಸ್ಕಾಟ್ಲೆಂಡಿನ ಕಥೆಯೊಂದು ಬಂದದ್ದೇ, ಆಮೇಲೆ ಟಿವಿಯಲ್ಲಿ ಶುದ್ಧ ಚಾರಿತ್ರಿಕ ಹೆಚ್ಚುಕಡಿಮೆ ಮುಗಿದೇ ಹೋಯಿತು. 1982ರಲ್ಲಿ ಒಂದು ಚಿಕ್ಕ ಕಥೆ ಬಂತು, ಅಷ್ಟೇ. ಮತ್ತೆ ಜೀವ ಬಂದದ್ದು ಆಡಿಯೋದಲ್ಲಿ.

ಮಾರ್ಕೊ ಪೋಲೊ ಕಥೆಗೆ ಆದ ಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಗ ಬಿಬಿಸಿ ಹಳೇ ಟೇಪುಗಳನ್ನು ಅಳಿಸಿ ಮತ್ತೆ ಬಳಸುತ್ತಿತ್ತು. ಹಾಗಾಗಿ ಅದರ ಏಳು ಕಂತುಗಳಲ್ಲಿ ಒಂದರ ಚಿತ್ರವೂ ಬಿಬಿಸಿಯಲ್ಲಿ ಉಳಿಯಲಿಲ್ಲ. ಆದರೆ ಪ್ರಸಾರ ಆಗುವಾಗ ಕೆಲವರು ತಮ್ಮ ಮನೆಯ ಟಿವಿಯಿಂದಲೇ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಂಡಿದ್ದರು. ಆ ಪುಣ್ಯಾತ್ಮರ ದೆಸೆಯಿಂದ ಏಳೂ ಕಂತಿನ ಮಾತು, ಸಂಗೀತ, ಗಾಳಿಯ ಸದ್ದು ಎಲ್ಲ ಇದೆ. ಟಿವಿಗೆ ಅಂತ ಮಾಡಿದ ನಾಟಕ ಕೊನೆಗೆ ಆಡಿಯೋ ನಾಟಕವಾಗಿ ಬದುಕಿತು.

ಕಂಸನ ಲೆಕ್ಕ

ಈಗ ಕಷ್ಟದ ಭಾಗ. ಹಿಂದಿನ ಕಾಲಕ್ಕೆ ಹೋದವನು ಅಲ್ಲಿ ಏನಾದರೂ ಬದಲಾಯಿಸಬಹುದಾ? ಈ ಪ್ರಶ್ನೆಗೆ ಕಥೆಗಾರರು ಕೊಡೋ ಉತ್ತರ ಮುಖ್ಯವಾಗಿ ಮೂರು. ನಾಟಕ ಯಾವ ಉತ್ತರ ಹಿಡಿದಿದೆ ಅಂತ ಗೊತ್ತಾದರೆ ಅರ್ಧ ನಾಟಕ ಅರ್ಥವಾದ ಹಾಗೆ.

ಒಂದು, ಬದಲಾಯಿಸಬಹುದು, ಮುಂದಿನದ್ದೆಲ್ಲ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಇದರ ತೊಡಕು ನಿಮಗೆ ಗೊತ್ತಿದ್ದದ್ದೇ. ನೀವು ಹೋಗಿ ನಿಮ್ಮ ಮುತ್ತಜ್ಜನ ಮದುವೆ ತಪ್ಪಿಸಿದಿರಿ. ಆಗ ನೀವು ಹುಟ್ಟೋದೇ ಇಲ್ಲ. ಹುಟ್ಟದಿದ್ದರೆ ಮದುವೆ ತಪ್ಪಿಸಿದ್ದು ಯಾರು? ಇನ್ನೊಂದು, ಬದಲಾಯಿಸಿದ ಕೂಡಲೇ ಕಾಲ ಕವಲೊಡೆಯುತ್ತದೆ. ಒಂದು ಕವಲಿನಲ್ಲಿ ಮದುವೆ ಆಯಿತು, ಇನ್ನೊಂದರಲ್ಲಿ ಆಗಲಿಲ್ಲ. ತೊಡಕು ತಪ್ಪಿತು. ಆದರೆ ನನಗೆ ಇದು ಸ್ವಲ್ಪ ಮೋಸ ಅನಿಸುತ್ತದೆ. ಯಾವ ತಪ್ಪಿಗೂ ಬೆಲೆ ತೆರಬೇಕಾಗಿಲ್ಲ ಅಂದರೆ ನಾಟಕ ಎಲ್ಲಿಂದ ಬರಬೇಕು?

ಮೂರನೆಯದು ಬಿಗಿಯಾದದ್ದು. ಏನೂ ಬದಲಾಗೋದಿಲ್ಲ, ಯಾಕಂದರೆ ನೀವು ಹಿಂದಕ್ಕೆ ಹೋದದ್ದು, ಅಲ್ಲಿ ಮಾಡಿದ್ದು, ಎಲ್ಲವೂ ಮೊದಲಿಂದಲೇ ಚರಿತ್ರೆಯಲ್ಲಿ ಸೇರಿಕೊಂಡಿದೆ. ನೀವು ತಪ್ಪಿಸೋಕೆ ಮಾಡಿದ ಕೆಲಸವೇ ಅದನ್ನು ಆಗುಮಾಡಿರಬಹುದು. ಭೌತಶಾಸ್ತ್ರಜ್ಞರೂ ಇದನ್ನು ತಮಾಷೆಗೆ ಬಿಟ್ಟಿಲ್ಲ. ಐನ್‌ಸ್ಟೈನ್ ಸಮೀಕರಣಗಳಿಗೆ, ಕಾಲ ಸುತ್ತಿ ಬಂದು ತನ್ನನ್ನೇ ಸೇರುವಂಥ ಉತ್ತರವೂ ಇದೆ ಅಂತ 1949ರಲ್ಲಿ ಕರ್ಟ್ ಗೋಡೆಲ್ ತೋರಿಸಿದರು. 1980ರ ದಶಕದಲ್ಲಿ ರಷ್ಯಾದ ಇಗೊರ್ ನೋವಿಕೋವ್ ಅದಕ್ಕೆ ಒಂದು ಷರತ್ತು ಸೇರಿಸಿದರು. ಅಂಥ ಸುತ್ತು ಇದ್ದರೂ ಅದರಲ್ಲಿ ನಡೆಯುವ ಘಟನೆಗಳು ಒಂದಕ್ಕೊಂದು ಹೊಂದಿಕೊಂಡೇ ಇರಬೇಕು, ಮುತ್ತಜ್ಜನ ಥರದ ತೊಡಕು ನಡೆಯುವ ಸಾಧ್ಯತೆ ಸೊನ್ನೆ.

ಗೋಡೆಲ್, ನೋವಿಕೋವ್ ಇರಲಿ, ನಮಗೆ ಕಂಸ ಇದ್ದಾನೆ. ತಂಗಿಯ ಮದುವೆ ಮೆರವಣಿಗೆಯಲ್ಲಿ ತಾನೇ ರಥ ಹೊಡೆಯುತ್ತಿದ್ದ. ಅಶರೀರವಾಣಿ ಆಯಿತು: ಇವಳ ಎಂಟನೇ ಮಗು ನಿನ್ನನ್ನು ಕೊಲ್ಲುತ್ತದೆ. ಆ ಮಾತನ್ನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದು ಕಿವಿಯಲ್ಲಿ ಬಿಟ್ಟಿದ್ದರೆ ದೇವಕಿ ಜೈಲು ಸೇರುತ್ತಿರಲಿಲ್ಲ, ಕೃಷ್ಣ ಗೋಕುಲದಲ್ಲಿ ಬೆಳೆಯುತ್ತಿರಲಿಲ್ಲ. ಸಾವು ತಪ್ಪಿಸೋಕೆ ಕಂಸ ಇಟ್ಟ ಒಂದೊಂದು ಹೆಜ್ಜೆಯೂ ಸಾವಿನ ಕಡೆಗೇ ಇತ್ತು. ಗಮನಿಸಿ, ಕಥೆ ಶುರುವಾಗೋದು ಕಣ್ಣಿಗೆ ಕಾಣದ ಒಂದು ದನಿಯಿಂದ. ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದಾಗ ಅದಕ್ಕೆ ‘ಆಕಾಶವಾಣಿ’ ಅನ್ನೋ ಹೆಸರೇ ನಿಂತದ್ದು ಸುಮ್ನೆ ಅಲ್ಲ.

ಪೊಂಪೈಯ ಡಾಕ್ಟರ್ ಸಿಕ್ಕಿಕೊಂಡಿರೋದು ಈ ಮೂರನೇ ಬಗೆಯಲ್ಲಿ. 1980ರಲ್ಲಿ ಪೆಟ್ಟಿಗೆ ಸಿಕ್ಕಿದೆ, ಅದನ್ನು ಇಲ್ಲ ಅನ್ನೋಕೆ ಆಗೋದಿಲ್ಲ. ಅವನು ಅರ್ಧ ಕೈಚೆಲ್ಲಿದ್ದಾನೆ. ಮೆಲ್ ಮಾತ್ರ ಜಪ್ಪಯ್ಯ ಅಂದರೂ ಒಪ್ಪೋದಿಲ್ಲ. ನಾಟಕದ ಒಳಗಿನ ಜಗಳ ಇದೇ. ಬೆಟ್ಟದ ಜೊತೆ ಅಲ್ಲ, ಗೊತ್ತಿರುವ ಒಂದು ಸುದ್ದಿಯ ಜೊತೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಚರಿತ್ರೆ ಹೇಳಿದ್ದೇನು? ಬೂದಿಯಲ್ಲಿ ಒಂದು ಪೆಟ್ಟಿಗೆ ಸಿಕ್ಕಿತು ಅಂತ. ಅಷ್ಟೇ. ಪೆಟ್ಟಿಗೆಯ ಯಜಮಾನ ಸತ್ತ ಅಂತ ಅದು ಎಲ್ಲೂ ಹೇಳಿಲ್ಲ. ಅದು ನಾವು ಸೇರಿಸಿಕೊಂಡದ್ದು. ಸಿಕ್ಕಿದ ಸಾಕ್ಷಿಗೂ ನಿಜವಾಗಿ ನಡೆದದ್ದಕ್ಕೂ ನಡುವೆ ಒಂದು ಸಂದು ಯಾವಾಗಲೂ ಇರುತ್ತದೆ. ಈ ಜಾತಿಯ ಒಳ್ಳೇ ನಾಟಕಗಳೆಲ್ಲ ಆ ಸಂದಿನಲ್ಲೇ ನುಸುಳಿ ಓಡಾಡುತ್ತವೆ. ಡಾಕ್ಟರ್ ಹೇಗೆ ನುಸುಳಿದ ಅನ್ನೋದನ್ನು ನಾನು ಹೇಳೋದಿಲ್ಲ. ನೀವೇ ಕೇಳಿ.

ಕತ್ತಲಲ್ಲಿ ದನಿ ಹುಡುಕಿದ ಊರು

ಇದೇ ಸರಣಿಯ ಟಿವಿ ತಂಡ 2008ರಲ್ಲಿ ಪೊಂಪೈ ಸ್ಫೋಟವನ್ನೇ ಇಟ್ಟುಕೊಂಡು ಬೇರೊಂದು ಕಥೆ ಮಾಡಿತು. ಅದರ ಚಿತ್ರೀಕರಣಕ್ಕೆ ರೋಮ್‌ನ ಚಿನೆಚಿತ್ತಾ ಸ್ಟುಡಿಯೋಗೆ ಹೋಗಬೇಕಾಯಿತು. ಅಲ್ಲಿ ಹಳೇ ರೋಮಿನ ಬೀದಿಗಳ ದೊಡ್ಡ ಸೆಟ್ ಇತ್ತು. ಆಡಿಯೋದವರಿಗೆ ಆ ಖರ್ಚಿಲ್ಲ. ನಾಲ್ಕು ಗೋಡೆ, ಮೈಕು, ನಟರು. ಊರು ಪೂರ್ತಿ ಕೇಳುವವರ ತಲೆಯೊಳಗೆ ಕಟ್ಟಿಕೊಳ್ಳುತ್ತದೆ. ಆಡಿಯೋ ನಾಟಕದ ಬಗ್ಗೆ ಎಲ್ಲರೂ ಹೇಳೋ ಮಾತು ಇದು, ನಿಜವೂ ಹೌದು. ಆದರೆ ಪೊಂಪೈ ವಿಷಯದಲ್ಲಿ ಇನ್ನೊಂದು ಕಾರಣ ಇದೆ.

ಆ ಸ್ಫೋಟವನ್ನು ಕಣ್ಣಾರೆ ಕಂಡು ಬರೆದವನೊಬ್ಬನ ಬರಹ ಮಾತ್ರ ನಮಗೆ ಉಳಿದಿದೆ. ಅವನು ಕಿರಿಯ ಪ್ಲಿನಿ. ಆಗ ಅವನಿಗೆ 17 ವರ್ಷ. ಇದ್ದದ್ದು ಮಿಸೆನಮ್‌ನಲ್ಲಿ, ಕೊಲ್ಲಿಯ ಆಚೆ ಬದಿಗೆ, ಬೆಟ್ಟದಿಂದ ಸುಮಾರು 30 ಕಿಲೋಮೀಟರ್ ದೂರ. ಅವನ ಸೋದರಮಾವ ಹಿರಿಯ ಪ್ಲಿನಿ ಅಲ್ಲಿನ ನೌಕಾಪಡೆಯ ದಂಡನಾಯಕ. ಹಡಗು ತೆಗೆದುಕೊಂಡು ಜನರನ್ನು ಉಳಿಸೋಕೆ ಹೋದವನು ವಾಪಸ್ ಬರಲಿಲ್ಲ. ಎಷ್ಟೋ ವರ್ಷ ಆದಮೇಲೆ ಚರಿತ್ರೆಕಾರ ಟ್ಯಾಸಿಟಸ್ ಕೇಳಿದ ಅಂತ ಕಿರಿಯ ಪ್ಲಿನಿ ಎರಡು ಪತ್ರ ಬರೆದ.

ಎರಡನೇ ಪತ್ರದಲ್ಲಿ ಒಂದು ಭಾಗ ಇದೆ. ಬೂದಿಯ ಮೋಡ ಅವರನ್ನೂ ಮುಚ್ಚಿಬಿಡುತ್ತದೆ. ಆ ಕತ್ತಲು ಅಮಾವಾಸ್ಯೆಯ ಕತ್ತಲಿನಂತಲ್ಲ, ಬಾಗಿಲು ಹಾಕಿದ ಕೋಣೆಯಲ್ಲಿ ದೀಪ ಆರಿಸಿದ ಹಾಗೆ ಇತ್ತು ಅನ್ನುತ್ತಾನೆ. ಆಮೇಲೆ ಅವನು ಬರೆಯೋದೆಲ್ಲ ಸದ್ದು. ಹೆಂಗಸರ ಚೀರಾಟ, ಮಕ್ಕಳ ಅಳು, ಗಂಡಸರ ಕೂಗು. ಕೆಲವರು ಅಪ್ಪ ಅಮ್ಮನನ್ನು ಕರೆಯುತ್ತಿದ್ದಾರೆ, ಕೆಲವರು ಮಕ್ಕಳನ್ನು, ಕೆಲವರು ಹೆಂಡತಿಯನ್ನು. ತಿರುಗಿ ಬಂದ ದನಿ ಕೇಳಿಯೇ ಇವರು ನಮ್ಮವರು ಅಂತ ಗುರುತು ಹಿಡಿಯಬೇಕು.

ಈ ಭಾಗ ಓದಿದಾಗ ನನಗೆ ಅನಿಸಿದ್ದು, ಇದು ಆಡಿಯೋ ನಾಟಕದ ಸ್ಕ್ರಿಪ್ಟೇ ಅಲ್ವಾ? ಆ ಜನರಿಗೂ ಕೊನೆಗೆ ಕಣ್ಣು ಕೆಲಸಕ್ಕೆ ಬರಲಿಲ್ಲ. ಕಿವಿ ಒಂದೇ ಉಳಿದಿತ್ತು. ಸಿನಿಮಾ ಮಾಡಿದರೆ ನಮಗೆ ಏನಾದರೂ ಕಾಣಲೇಬೇಕು, ಕೆಂಪು ಬೆಂಕಿ, ಓಡುವ ಜನ. ಆಡಿಯೋದಲ್ಲಿ ನಾವೂ ಅವರಷ್ಟೇ ಕುರುಡರು.

ಇನ್ನು ಕೊನೆ ಗೊತ್ತಿದ್ದೂ ಕೂತು ಕೇಳುವ ಅಭ್ಯಾಸ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರ ಹಾಡು, ಮದ್ದಳೆ, ಕೂತಲ್ಲೇ ಮಾತಾಡುವ ಅರ್ಥಧಾರಿಗಳು. ಕರ್ಣ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಆ ಚಾವಡಿಯಲ್ಲಿ ಒಬ್ಬರೂ ಇರೋದಿಲ್ಲ. ಆದರೂ ನಡುರಾತ್ರಿವರೆಗೆ ಕೂರುತ್ತಾರೆ. ಏನಾಗುತ್ತದೆ ಅಂತಲ್ಲ, ಈ ಹೊತ್ತು ಇವನು ಏನು ಹೇಳಿ ಸಾಯುತ್ತಾನೆ ಅಂತ ಕೇಳೋಕೆ. ಪೊಂಪೈ ನಾಟಕ ಕೇಳುವಾಗಲೂ ಅದೇ ಥರದ ಕಾಯುವಿಕೆ.

ಸದ್ದು ಮಾಡುವ ಕೆಲಸ

ಈಗ ಹತ್ತಿರದಿಂದ ನೋಡೋಣ. ಸ್ಫೋಟ ಶುರುವಾಗುವ ದೃಶ್ಯವನ್ನು ನೀವೇ ಆಡಿಯೋಗೆ ಮಾಡಬೇಕು ಅಂದುಕೊಳ್ಳಿ. ಜಾಗ, ಅದೇ ಬೇಕರಿ.

ಪೊಂಪೈ ಬೇಕರಿಗಳಲ್ಲಿ ಗೋಧಿ ಬೀಸೋಕೆ ಲಾವಾ ಕಲ್ಲಿನ ದೊಡ್ಡ ಬೀಸುಕಲ್ಲು ಇರುತ್ತಿತ್ತು. ತಿರುಗಿಸೋದು ಕತ್ತೆಗಳು. ಊರಿನ ಒಂದು ಬೇಕರಿಯ ಲಾಯದಲ್ಲಿ ಅಂಥ ಪ್ರಾಣಿಗಳ ಅಸ್ಥಿಪಂಜರಗಳೇ ಸಿಕ್ಕಿವೆ. ಹಾಗಾಗಿ ದೃಶ್ಯದ ಬುಡದಲ್ಲಿ ಒಂದೇ ಸಮನೆ ಬೀಸುಕಲ್ಲಿನ ಗರಗರ, ನಡುವೆ ಗೊರಸಿನ ಟಕ್ ಟಕ್. ಗೊರಸಿಗೆ ರೇಡಿಯೋದವರ ಹಳೇ ಉಪಾಯ ಇದ್ದೇ ಇದೆ, ತೆಂಗಿನಕಾಯಿ ಚಿಪ್ಪು ಎರಡು ಹೋಳು. ಈ ಸದ್ದನ್ನು ಎರಡು ನಿಮಿಷ ಬಿಡಿ. ಕೇಳುವವನು ಅದನ್ನು ಮರೆಯಬೇಕು, ಫ್ಯಾನಿನ ಸದ್ದು ಮರೆಯುವ ಹಾಗೆ. ಆಮೇಲೆ ಅದನ್ನು ನಿಲ್ಲಿಸಿ. ಕತ್ತೆ ನಿಂತುಬಿಟ್ಟಿದೆ. ಯಾಕೆ ಅಂತ ಯಾರೂ ಹೇಳಬಾರದು. ಆಗ ಕೇಳುವವನ ಎದೆಯಲ್ಲಿ ಆಗುವ ಝಲ್ ಅನ್ನೋದನ್ನು ಯಾವ ಬಾಂಬಿನ ಸದ್ದೂ ಕೊಡೋದಿಲ್ಲ.

ಮುಂದಿನದ್ದು ಇನ್ನೂ ಚೆಂದ. ವೆಸುವಿಯಸ್ ಬಾಯಿಯಿಂದ ಪೊಂಪೈಗೆ ಸುಮಾರು ಹತ್ತು ಕಿಲೋಮೀಟರ್. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಲೆಕ್ಕ ಹಾಕಿ, ಬೆಟ್ಟ ಸಿಡಿದದ್ದು ಕಣ್ಣಿಗೆ ಕಂಡ ಮೇಲೆ ಕಿವಿಗೆ ಕೇಳೋಕೆ ಹೆಚ್ಚುಕಡಿಮೆ ಅರ್ಧ ನಿಮಿಷ ಬೇಕು. ಆಡಿಯೋದಲ್ಲಿ ಇದರಷ್ಟು ದೊಡ್ಡ ವರ ಬೇರೆ ಇಲ್ಲ. ಬೀದಿಯಲ್ಲಿ ಯಾರೋ ಉಸಿರು ಎಳೆದುಕೊಳ್ಳುತ್ತಾರೆ. ಒಬ್ಬಳು ಮಾತು ಅರ್ಧಕ್ಕೆ ನಿಲ್ಲಿಸುತ್ತಾಳೆ. ಮಗು ‘ಅಲ್ಲಿ ನೋಡು’ ಅನ್ನುತ್ತದೆ. ಆಮೇಲೆ ಏನೂ ಇಲ್ಲ. ಅರ್ಧ ನಿಮಿಷ. ಅವರಿಗೆ ಕಂಡಿದೆ, ನಮಗೆ ಕಂಡಿಲ್ಲ, ಇಬ್ಬರಿಗೂ ಇನ್ನೂ ಕೇಳಿಸಿಲ್ಲ. ಆಗ ಬರಲಿ ಆ ಗುಡುಗು.

ಮೂರನೇ ಸದ್ದು, ಮೇಲಿಂದ ಬೀಳುವ ಕಲ್ಲು. ಇಲ್ಲಿ ಹೊಸಬರು ಎಡವುತ್ತಾರೆ. ಬಂಡೆ ಬಿದ್ದ ಹಾಗೆ ಧಡಲ್ ಧಡಲ್ ಅನ್ನಿಸುತ್ತಾರೆ. ಪೊಂಪೈ ಮೇಲೆ ಮೊದಲು ಬಿದ್ದದ್ದರಲ್ಲಿ ಜಾಸ್ತಿ ಪ್ಯೂಮಿಸ್, ಅಂದರೆ ನಾವು ಹಿಮ್ಮಡಿ ಉಜ್ಜೋಕೆ ಬಳಸುವ ಆ ತೂತು ತೂತಿನ ಕಲ್ಲು. ನೀರಿನಲ್ಲಿ ತೇಲುವಷ್ಟು ಹಗುರ. ಹೆಂಚಿನ ಮೇಲೆ ಬಿದ್ದರೆ ಆಲಿಕಲ್ಲು ಮಳೆ ಥರ ಸದ್ದು. ಗಂಟೆಗೆ ಸುಮಾರು 15 ಸೆಂಟಿಮೀಟರ್ ಲೆಕ್ಕದಲ್ಲಿ ಬೀಳುತ್ತಲೇ ಹೋಯಿತು. ಭಾರಕ್ಕೆ ಚಾವಣಿಗಳು ಕುಸಿದವು. ಬೆಂಕಿಯಷ್ಟು ಬಿಸಿಯಾದ ಗಾಳಿ, ಬೂದಿ ಊರಿನ ಮೇಲೆ ಹರಿದದ್ದು ಮಾರನೇ ಬೆಳಿಗ್ಗೆ. ಅಂದರೆ ಮೊದಲ ಕೆಲವು ಗಂಟೆ ಬದುಕಿ ಓಡೋಕೆ ಸಮಯ ಇತ್ತು, ಓಡಿದವರೂ ತುಂಬಾ ಜನ. ಉಳಿದವರು ಒಳಗೆ ಕೂತು ನಿಲ್ಲಲಿ ಅಂತ ಕಾದರು. ಈ ಸದ್ದನ್ನು ನಾನು ಮನೆಯಲ್ಲಿ ಮಾಡಿ ನೋಡಿದ್ದೇನೆ. ತಗಡಿನ ತಟ್ಟೆಯ ಮೇಲೆ ಒಣಗಿದ ಅವರೆಕಾಳು ಸುರಿದರೆ ತೀರಾ ಚಿಕ್ಕ ಮಳೆ ಆಯಿತು. ಹಂಚಿನ ಚೂರಿನ ಮೇಲೆ ಕಡಲೆಕಾಯಿ ಸಿಪ್ಪೆ ಸಮೇತ ಸುರಿದಾಗ ಸರಿಹೋಯಿತು. ಕಡಲೆಕಾಯಿ ಆಮೇಲೆ ಖಾಲಿಯೂ ಆಯಿತು.

ಕಾಲಯಂತ್ರದ ಸದ್ದಿಗೂ ಇಂಥದ್ದೇ ಮನೆಮದ್ದು. ಟಾರ್ಡಿಸ್ ಬಂದು ನಿಲ್ಲುವಾಗ ಏದುಸಿರು ಬಿಟ್ಟ ಹಾಗೆ ಒಂದು ಸದ್ದು ಬರುತ್ತದೆ. 1963ರಲ್ಲಿ ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್‌ನ ಬ್ರಯಾನ್ ಹಾಡ್ಜ್‌ಸನ್ ಅದನ್ನು ಮಾಡಿದ್ದು ಮನೆಯ ಬೀಗದ ಕೈಯಿಂದ. ಹಳೇ ಪಿಯಾನೋದ ದಪ್ಪ ತಂತಿಯ ಮೇಲೆ ಬೀಗದ ಕೈ ಗೀರಿ, ಆ ರೆಕಾರ್ಡಿಂಗನ್ನು ಬಗೆಬಗೆಯಾಗಿ ತಿರುಚಿದರು. ಆಡಿಯೋ ನಾಟಕದಲ್ಲಿ ಈ ಒಂದು ಸದ್ದು ಪರದೆ ಇದ್ದ ಹಾಗೆ. ಅದು ಕೇಳಿಸಿತು ಅಂದರೆ ಶತಮಾನ ಬದಲಾಯಿತು ಅಂತ ಅರ್ಥ. ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಬಾಯಿಬಿಟ್ಟು ಹೇಳೋದು ಅಂದಾಗ ನೆನಪಾಯಿತು. ರೇಡಿಯೋ ನಾಟಕದ ದೊಡ್ಡ ಕಾಯಿಲೆ ಅದು. ‘ಅಯ್ಯೋ, ನಿಮ್ಮ ಬಲಗೈಯಲ್ಲಿ ಇರೋದು ಚಾಕು ಅಲ್ವಾ!’ ಅನ್ನೋ ಥರದ ಮಾತು ಚಿಕ್ಕಂದಿನಲ್ಲಿ ಎಷ್ಟು ಕೇಳಿದ್ದೇವೋ. ಹಳೇ ಕಾಲದ ನಾಟಕದಲ್ಲಿ ಈ ಕಾಯಿಲೆ ಇನ್ನೂ ಜಾಸ್ತಿ, ಯಾಕಂದರೆ ವಿವರಿಸಬೇಕಾದ್ದು ಬೇಕಾದಷ್ಟು. ಪೊಂಪೈಯವನೊಬ್ಬ ಇನ್ನೊಬ್ಬ ಪೊಂಪೈಯವನಿಗೆ ‘ನಮ್ಮ ಊರಿನ ಐಸಿಸ್ ದೇವಿಯ ದೇವಸ್ಥಾನ’ ಅಂತ ಪಾಠ ಹೇಳಿದರೆ ನಗು ಬರುತ್ತದೆ. ಇಲ್ಲೇ ಕಾಲಯಾತ್ರಿಕ ಕೆಲಸಕ್ಕೆ ಬರೋದು. ಮೆಲ್ ಊರಿಗೆ ಹೊಸಬಳು. ಅವಳು ಕೇಳಬಹುದು, ಅವಳಿಗೆ ಹೇಳಬಹುದು. ಬರೀ ಚಾರಿತ್ರಿಕ ನಾಟಕಕ್ಕೆ ಈ ಅನುಕೂಲ ಇಲ್ಲ.

ಭಾಷೆಯ ತೊಡಕೂ ಹೀಗೇ ಬಗೆಹರಿಯುತ್ತದೆ. ಪೊಂಪೈ ಜನರ ಮಾತು ಲ್ಯಾಟಿನ್. ಡಾಕ್ಟರ್ ಹೂ ಕಥೆಗಳಲ್ಲಿ ಟಾರ್ಡಿಸ್ಸೇ ಎಲ್ಲವನ್ನೂ ಅನುವಾದ ಮಾಡಿ ಕಿವಿಗೆ ಹಾಕುತ್ತದೆ. ಕೇಳೋಕೆ ಕುಂಟುನೆಪ, ಆದರೆ ಬರೆಯುವವನಿಗೆ ದೊಡ್ಡ ಬಿಡುಗಡೆ. ನಮ್ಮಲ್ಲಿ ಪಂಪನ ಕಾಲದ ನಾಟಕ ಬರೆಯೋಕೆ ಕೂತರೆ ಮೊದಲ ಸಾಲಿಗೇ ಕೈ ನಿಲ್ಲುತ್ತದೆ. ಹಳಗನ್ನಡ ಹಾಕಿದರೆ ಯಾರಿಗೂ ಅರ್ಥ ಆಗೋದಿಲ್ಲ, ಇವತ್ತಿನ ಕನ್ನಡ ಹಾಕಿದರೆ ಪಂಪ ನಮ್ಮ ಪಕ್ಕದ ಮನೆಯವನಾಗುತ್ತಾನೆ. ಎರಡೂ ಬೇಡ ಅಂತ ನಾವು ಅರಮನೆ ನಾಟಕದ ಆ ಬಿಗಿ ಬಿಗಿ ಭಾಷೆ ಹಿಡಿದು ಕೂತಿದ್ದೇವೆ. ಅದನ್ನು ಯಾವ ಕಾಲದಲ್ಲೂ ಯಾರೂ ಆಡಿರಲಿಲ್ಲ.

ಗೋಡೆಯಿಂದ ಎದ್ದು ಬಂದ ಹೆಸರು

‘ಫೈರ್ಸ್ ಆಫ್ ವಲ್ಕನ್’ ನಾಟಕದಲ್ಲಿ ಪೊಪಿಡಿಯಸ್ ಸೆಲ್ಸಿನಸ್ ಅಂತ ಒಂದು ಪಾತ್ರ ಇದೆ. ಹೆಸರು ಕಲ್ಪನೆಯದಲ್ಲ. ಪೊಂಪೈಯ ಐಸಿಸ್ ದೇವಸ್ಥಾನದ ಬಾಗಿಲ ಮೇಲೆ ಒಂದು ಶಾಸನ ಇತ್ತು. ಭೂಕಂಪದಲ್ಲಿ ಬಿದ್ದುಹೋದ ಈ ಗುಡಿಯನ್ನು ಪೊಪಿಡಿಯಸ್ ಸೆಲ್ಸಿನಸ್ ತನ್ನ ಸ್ವಂತ ಹಣದಲ್ಲಿ ಬುಡದಿಂದ ಮತ್ತೆ ಕಟ್ಟಿಸಿದ, ಅದಕ್ಕೆ ಮೆಚ್ಚಿ ಊರಿನ ಸಭೆ ಅವನನ್ನು ಸದಸ್ಯನಾಗಿ ಮಾಡಿಕೊಂಡಿತು ಅಂತ. ಇದೇನು ದೊಡ್ಡ ವಿಷಯ ಅಂದಿರಾ? ಆಗ ಅವನಿಗೆ ಆರು ವರ್ಷ. ಶಾಸನದಲ್ಲೇ ಬರೆದಿದೆ. ಅಪ್ಪ ಗುಲಾಮಗಿರಿಯಿಂದ ಬಿಡುಗಡೆಯಾದವನು, ದುಡ್ಡು ಮಾಡಿದ್ದ, ಆದರೆ ಕಾನೂನಿನ ಪ್ರಕಾರ ತಾನು ಸಭೆ ಸೇರುವ ಹಾಗಿರಲಿಲ್ಲ. ಮಗನ ಹೆಸರಿನಲ್ಲಿ ಗುಡಿ ಕಟ್ಟಿಸಿದ. ಭೂಕಂಪ ಆದದ್ದು ಕ್ರಿ.ಶ. 62ರ ಹೊತ್ತಿಗೆ. ಬೆಟ್ಟ ಸಿಡಿಯುವಾಗ ಆ ಹುಡುಗ ಇಪ್ಪತ್ತರ ಆಸುಪಾಸಿನ ಯುವಕ ಆಗಿರಬೇಕು.

ಶಾಸನ ಅಲ್ಲಿಗೆ ಮುಗಿಯಿತು. ಅವನು ಹೇಗೆ ಮಾತಾಡುತ್ತಿದ್ದ, ಅಪ್ಪನ ದುಡ್ಡಿನ ಬಗ್ಗೆ ಹೆಮ್ಮೆಯಿತ್ತೋ ನಾಚಿಕೆಯಿತ್ತೋ, ಆ ದಿನ ಊರಲ್ಲಿದ್ದನೋ ಇಲ್ಲವೋ, ಅದೆಲ್ಲ ನಾಟಕ ಬರೆದವನ ಪಾಲು. ಪೆಟ್ಟಿಗೆಯ ವಿಷಯದಲ್ಲಿ ಹೇಳಿದ ಸಂದು ಇಲ್ಲೂ ಅದೇ. ಒಂದು ಹೆಸರು, ಒಂದು ವಯಸ್ಸು ಸಿಕ್ಕಿದೆ. ಅದಕ್ಕೊಂದು ದನಿ ಬೇಕು.

ನಮ್ಮ ಕಡೆಯಿಂದ ಹೋದ ಒಂದು ಗೊಂಬೆಯೂ ಆ ಊರಲ್ಲಿ ಕಾಯುತ್ತಿದೆ. 1938ರಲ್ಲಿ ಪೊಂಪೈಯ ಒಂದು ಮನೆಯಲ್ಲಿ ಆನೆದಂತದ ಸ್ತ್ರೀ ಮೂರ್ತಿ ಸಿಕ್ಕಿತು, ಸುಮಾರು 25 ಸೆಂಟಿಮೀಟರ್ ಎತ್ತರ. ಭಾರತದ್ದು ಅನ್ನೋದರಲ್ಲಿ ಅನುಮಾನ ಇಲ್ಲ. ಮೊದಲು ಲಕ್ಷ್ಮಿ ಅಂದರು, ಈಗ ಯಕ್ಷಿ ಅನ್ನುವವರೇ ಹೆಚ್ಚು. ಇದನ್ನು ಹೋಲುವ ದಂತದ ಕೆಲಸ ದಖ್ಖನ್ನಿನ ತೇರ್, ಭೋಕರ್ದನ್ ಊರುಗಳಲ್ಲಿ ಸಿಕ್ಕಿದೆ. ದಖ್ಖನ್ನಿಂದ ಹಡಗು ಹತ್ತಿ ಇದನ್ನು ಅಷ್ಟು ದೂರ ಮುಟ್ಟಿಸಿದ ಕೈ ಯಾವುದು? ಕನ್ನಡದಲ್ಲಿ ಯಾರಾದರೂ ಇಂಥ ನಾಟಕ ಮಾಡೋದಾದರೆ, ಹಂಪಿಗೆ ಕಾಲಯಂತ್ರ ಇಳಿಸುವ ಮೊದಲು ಈ ಗೊಂಬೆಯ ಹಿಂದೆ ಹೋಗಿ ನೋಡಲಿ ಅಂತ ನನ್ನ ಆಸೆ.

ಕೊನೆಗೆ ಆ ತಾರೀಖಿನ ವಿಷಯ. ನಾಟಕ ಪೂರ್ತಿ ನಿಂತಿರೋದು ಆಗಸ್ಟ್ 24ರ ಮೇಲೆ. ಆ ತಾರೀಖು ಬಂದದ್ದು ಪ್ಲಿನಿಯ ಪತ್ರದ ಕೈಬರಹದ ಪ್ರತಿಗಳಿಂದ. ಮೂಲ ಪತ್ರ ಇಲ್ಲ. ಇರೋದು ಶತಮಾನಗಳ ಕಾಲ ಒಬ್ಬರನ್ನು ನೋಡಿ ಒಬ್ಬರು ನಕಲು ಮಾಡಿದ್ದು. ಅನುಮಾನ ಮೊದಲಿಂದಲೂ ಇತ್ತು. ಊರಲ್ಲಿ ದಾಳಿಂಬೆ ಸಿಕ್ಕಿತ್ತು, ಚಳಿ ಕಾಯಿಸುವ ಅಗ್ಗಿಷ್ಟಿಕೆ ಸಿಕ್ಕಿತ್ತು, ಆ ವರ್ಷದ ವೈನ್ ಆಗಲೇ ಹಂಡೆ ಸೇರಿ ಮುಚ್ಚಿತ್ತು. ಆಗಸ್ಟಿನಲ್ಲಿ ಇದೆಲ್ಲ ಹೇಗೆ? 2018ರಲ್ಲಿ ರಿಪೇರಿ ನಡೆಯುತ್ತಿದ್ದ ಒಂದು ಮನೆಯ ಗೋಡೆಯ ಮೇಲೆ ಇದ್ದಿಲಲ್ಲಿ ಗೀಚಿದ ಒಂದು ಸಾಲು ಸಿಕ್ಕಿತು. ಅದರಲ್ಲಿದ್ದ ತಾರೀಖು ನಮ್ಮ ಲೆಕ್ಕಕ್ಕೆ ಅಕ್ಟೋಬರ್ 17. ಇದ್ದಿಲು ಗೋಡೆಯ ಮೇಲೆ ಬಹಳ ದಿನ ನಿಲ್ಲೋದಿಲ್ಲ. ಹಾಗಾಗಿ ಅದು ಬೆಟ್ಟ ಸಿಡಿಯುವ ಕೆಲವೇ ದಿನ ಮೊದಲು ಬರೆದದ್ದು, ಸ್ಫೋಟ ಆದದ್ದು ಅಕ್ಟೋಬರ್ 24ಕ್ಕೆ ಅನ್ನೋ ವಾದಕ್ಕೆ ಬಲ ಬಂತು. ಇಸವಿ ಬರೆದಿಲ್ಲವಲ್ಲ ಅನ್ನುವವರೂ ಇದ್ದಾರೆ, ಜಗಳ ಇನ್ನೂ ಮುಗಿದಿಲ್ಲ.

ಅಕ್ಟೋಬರ್ ವಾದವೇ ನಿಜ ಆದರೆ ನಮ್ಮ ಡಾಕ್ಟರ್ ಕಥೆ ನೋಡಿ. ಆಗಸ್ಟ್ 23ಕ್ಕೆ ಬಂದಿಳಿದು, ನಾಳೆಯೇ ಬೆಟ್ಟ ಸಿಡಿಯುತ್ತದೆ ಅಂತ ನಾಲ್ಕು ಭಾಗ ಪೂರ್ತಿ ಉಸಿರು ಬಿಗಿಹಿಡಿದು ಓಡಾಡುತ್ತಾನೆ. ಕೈಯಲ್ಲಿ ಎರಡು ತಿಂಗಳಿತ್ತು. ಆ ವರ್ಷದ ದ್ರಾಕ್ಷಿ ಕೊಯ್ಲು ನೋಡಿಕೊಂಡು, ಹೊಸ ವೈನ್ ಹಂಡೆಗೆ ತುಂಬೋದಕ್ಕೂ ಒಂದು ಕೈ ಕೊಟ್ಟು, ಆಮೇಲೆ ಆರಾಮಾಗಿ ಪೆಟ್ಟಿಗೆ ಹುಡುಕೋಕೆ ಹೊರಡಬಹುದಿತ್ತು.